ಹಾಡಿನಲ್ಲಿಲ್ಲದ ಮೀಸೆ

ಕ್ಷೌರಿಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕೈ ಮಾತ್ರ ಬೆಣ್ಣೆ. ಅವನ ಕತ್ತರಿಯ ಕೆಳಗೆ ಎಂಥ ಗಿರಾಕಿಯೂ ತೂಕಡಿಸುತ್ತಿದ್ದ.

ಅಂಗಡಿಯಲ್ಲಿದ್ದದ್ದು ಎರಡೇ ಕುರ್ಚಿ. ಗಾಜಿನ ಬಾಗಿಲ ಪಕ್ಕದ ಮುಂದಿನ ಕುರ್ಚಿಗೆ ಎದುರಿನ ಹೋಟೆಲಿನ ಅತಿಥಿಗಳು ಬರುತ್ತಿದ್ದರು. ಅವರದು ಬರೀ ಇಂಗ್ಲಿಷ್. ಹಿಂದಿನದು ಬೇಸಿನ್ನಿನ ಪಕ್ಕ, ಮಿಣುಕುವ ಟ್ಯೂಬ್‌ಲೈಟಿನ ಕೆಳಗೆ. ಅಲ್ಲಿಗೆ ಊರಿನವರು, ಹೆಚ್ಚಾಗಿ ಮಕ್ಕಳು. ಕುರ್ಚಿಯ ಕೈಗಳ ಮೇಲೆ ಹಲಗೆ ಅಡ್ಡ ಇಟ್ಟು ಮಕ್ಕಳನ್ನು ಕೂರಿಸಬೇಕು. ಅವು ಕಿರುಚಬೇಕು, ಇವನು ಕತ್ತರಿಸಬೇಕು. ಕೆಲಸಕ್ಕೆ ಸೇರಿದಾಗಿನಿಂದ ಅವನದು ಅದೇ ಜಾಗ. ಮುಂದಿನ ಕುರ್ಚಿಯವನು ಕೆಲಸ ಬಿಟ್ಟಾಗ ಯಜಮಾನ ಹೇಳಿದ:

"ಕೈ ನಿಂದೇ ಚೆನ್ನಾಗಿದೆ ಕಣಯ್ಯಾ. ಆದ್ರೆ ಬಾಯಿ? ತಿಂಗಳೊಪ್ಪತ್ತಿನಲ್ಲಿ ನಾಲ್ಕು ಮಾತು ಕಲಿ, ಆ ಕುರ್ಚಿ ನಿಂದು. ಇಲ್ದಿದ್ರೆ ಹೊರಗಿನವನನ್ನ ತರ್ತೀನಿ."

ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ಒಬ್ಬಳೇ, ಶಿಶುವಿಹಾರಕ್ಕೆ ಹೋಗುವ ಮಗಳು ಗಿಣಿ. ಅವಳಿಗೆ ಬರುತ್ತಿದ್ದದ್ದೂ ಹಾಡುಗಳಷ್ಟೇ.

"ಅಪ್ಪಾ, ಎದ್ದು ನಿಂತ್ಕೋ. ಕೂತ್ಕೊಂಡು ಹಾಡಿದ್ರೆ ಬರಲ್ಲ."

"ಬೆಳಗ್ಗಿಂದ ನಿಂತೇ ಇದೀನಿ, ಕಾಲು ನೋಯುತ್ತೆ ಕಣೇ."

"ಮಿಸ್‌ಗೆ ಎದುರು ಮಾತಾಡಬಾರದು."

ಅವನು ಎದ್ದು ನಿಂತ. ಗಿಣಿ ತನ್ನ ಜುಟ್ಟು ಹಿಡಿದು "ಈಸ್ ದಿಸ್ ಮೈ ಹೇರ್?" ಎಂದು ಹಾಡಿದರೆ ಅವನು ಮೂರು ಚಪ್ಪಾಳೆ ತಟ್ಟಿ "ಯೆಸ್, ಯೆಸ್, ಯೆಸ್!" ಎನ್ನಬೇಕು. ಹೇರ್ ಆದ ಮೇಲೆ ಇಯರ್, ಐ, ನೋಸ್, ಮೌತ್, ಚಿನ್, ನೆಕ್. ಹಾಡು ತಲೆಯಿಂದ ಕೆಳಗಿಳಿಯುತ್ತಿತ್ತು. ಅವನ ಕೆಲಸವೂ ಹಾಗೇ ಇಳಿಯುವುದು. ಚಪ್ಪಾಳೆ ತಪ್ಪಿದರೆ ಅವಳು ಮೊದಲಿನಿಂದ ಹಾಡಿಸುತ್ತಿದ್ದಳು. ರೇಗುತ್ತಿರಲಿಲ್ಲ, ಬಿಟ್ಟುಕೊಡುತ್ತಲೂ ಇರಲಿಲ್ಲ. ಅವನಿಗೆ ಕಸುಬು ಕಲಿಸಿದವನು ಗೆಣ್ಣಿಗೆ ಬಾಚಣಿಗೆಯಲ್ಲಿ ಬಾರಿಸುತ್ತಿದ್ದ. ಅವನಿಗಿಂತ ಇವಳೇ ದೊಡ್ಡ ಗುರು ಎಂದುಕೊಂಡ.

"ಕಿಟಕಿ ಹಾಕ್ಕೊಂಡು ಹಾಡ್ರೀ," ಎಂದಳು ಹೆಂಡತಿ. "ಶಿಶುವಿಹಾರಕ್ಕೆ ಹೋಗೋದು ಅಪ್ಪನೋ ಮಗಳೋ ಅಂತ ಎದುರುಮನೆಯವರು ಕೇಳ್ತಿದಾರೆ."

ಪರೀಕ್ಷೆಯ ದಿನ ಮುಂದಿನ ಕುರ್ಚಿಯಲ್ಲಿ ಪೊದೆಮೀಸೆಯ ಅತಿಥಿಯೊಬ್ಬ ಕೂತ. ಯಜಮಾನ ಗಲ್ಲಾದ ಹಿಂದಿನಿಂದ ಕಣ್ಣಿಟ್ಟ. ಕ್ಷೌರಿಕ ಬಿಳಿ ಬಟ್ಟೆ ಹೊದಿಸಿ, ಅತಿಥಿಯ ಕೈಗಳು ಒಳಗೇ ಉಳಿಯುವಂತೆ ಬಿಗಿದ.

"ಹೇರ್?"

"ಶಾರ್ಟ್."

"ಇಯರ್?"

ಅತಿಥಿ ತಲೆಯಾಡಿಸಿದ. ಕೆಲಸ ನೀರು ಹರಿದಂತೆ ಸಾಗಿತು. ಯಜಮಾನನ ಹುಬ್ಬು ಮೇಲೇರಿತು. ಕೆನ್ನೆಯ ಗಡ್ಡ ಬೋಳಿಸಿ ಮೂಗಿನ ಕೆಳಗೆ ಬಂದಾಗ ಕ್ಷೌರಿಕ ತಡವರಿಸಿದ. ನೋಸ್ ಆದ ಮೇಲೆ ಮೌತ್. ನಡುವೆ ಏನೂ ಇಲ್ಲ. ಮಕ್ಕಳಿಗೆಲ್ಲಿಯ ಮೀಸೆ?

ಅಷ್ಟರಲ್ಲಿ ಅತಿಥಿ ಏನೋ ಉದ್ದಕ್ಕೆ ಹೇಳಿದ. ಕೊನೆಯಲ್ಲಿ ದನಿ ಮೇಲೆದ್ದಿತು. ಪ್ರಶ್ನೆ ಎಂದು ಗೊತ್ತಾಯಿತು, ಪ್ರಶ್ನೆಗೆ ಉತ್ತರ ಬಾಯಲ್ಲೇ ಇತ್ತು.

"ಯೆಸ್, ಯೆಸ್, ಯೆಸ್!"

ಇಷ್ಟು ವರ್ಷದ ಕಸುಬಿನಲ್ಲಿ ಅವನು ಕಂಡುಕೊಂಡದ್ದು ಒಂದಿತ್ತು: ಮೀಸೆ ಉಳಿಸಿಕೊಳ್ಳುವವರು ಅದರ ಬಗ್ಗೆ ಮಾತೆತ್ತುವುದಿಲ್ಲ, ತೆಗೆಸುವವರೇ ಹೀಗೆ ಉದ್ದಕ್ಕೆ ಮಾತಾಡುವುದು. ಮತ್ತೊಮ್ಮೆ ಕೇಳಲು ಯಜಮಾನನ ಮುಂದೆ ನಾಚಿಕೆ. ಅತಿಥಿ ಆಗಲೇ ಕಣ್ಣು ಮುಚ್ಚಿ ತೂಕಡಿಸುತ್ತಿದ್ದ. ನೊರೆ ಹಚ್ಚಿ ಎರಡೇ ಎಳೆತಕ್ಕೆ ಸಪಾಟು ಮಾಡಿದ. ಕೆಲಸವೇನೋ ಅಚ್ಚುಕಟ್ಟು, ಒಂದು ಗೀರೂ ಬೀಳಲಿಲ್ಲ.

ಅತಿಥಿ ಕನ್ನಡಿ ನೋಡಿದ. ಬಟ್ಟೆಯೊಳಗಿಂದ ಕೈ ಕಿತ್ತುಕೊಂಡು ಮೇಲ್ದುಟಿ ಮುಟ್ಟಿದ. ಆಮೇಲೆ ಅವನು ಕಿರುಚಿದ್ದು ಯಾವ ಶಿಶುಗೀತೆಯಲ್ಲೂ ಇರುವಂಥದ್ದಲ್ಲ, ಆದರೆ ಕ್ಷೌರಿಕನಿಗೆ ಪೂರ್ತಿ ಅರ್ಥವಾಯಿತು.

"ಹಿಂದಕ್ಕೆ ಹೋಗಯ್ಯಾ," ಎಂದ ಯಜಮಾನ.

ಸಂಜೆ ಗಿಣಿ ಎಲ್ಲ ಕೇಳಿಸಿಕೊಂಡಳು. ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಮೀಸೆಗೆ ಏನಂತಾರೆ ಮಿಸ್?" ಎಂದ ಅವನು.

"ಗೊತ್ತಿಲ್ಲ. ನಮ್ಮ ಮಿಸ್‌ಗೆ ಮೀಸೆ ಇಲ್ವಲ್ಲ. ನಾಳೆ ಕೇಳ್ಕೊಂಡ್ ಬರ್ತೀನಿ."

ಮರುದಿನ ಕೇಳಿಕೊಂಡು ಬಂದು, ನೋಸ್‌ಗೂ ಮೌತ್‌ಗೂ ನಡುವೆ ತಾನೇ ಒಂದು ಸಾಲು ಕೂರಿಸಿದಳು. ಬರಿಯ ಮೇಲ್ದುಟಿಯ ಮೇಲೆ ಬೆರಳಿಟ್ಟು ಹಾಡಿದಳು: "ಈಸ್ ದಿಸ್ ಮೈ ಮಸ್ಟಾಶ್?"

"ಯೆಸ್, ಯೆಸ್..."

"ಅಪ್ಪಾ! ಕಣ್ಣು ಬಿಟ್ಟು ನೋಡು. ನಂಗೆಲ್ಲಿದೆ? ಇಲ್ಲಿ ನೋ, ನೋ, ನೋ!"

ತನಗೆ ಬೇಕಿದ್ದ ಎರಡೂ ಮಾತನ್ನು ಅವಳು ಒಂದೇ ಸಾಲಿನಲ್ಲಿ ಹೆಣೆದದ್ದು ಕಂಡು ಅವನು ಬೆರಗಾಗಿ ನಿಂತ. ಚಪ್ಪಾಳೆ ತಪ್ಪಿತು. ಮೊದಲಿನಿಂದ ಹಾಡಬೇಕಾಯಿತು.

ಮುಂದಿನ ಕುರ್ಚಿಗೆ ಹೊಸಬ ಬಂದ. ಹಿಂದೆ ಹಲಗೆಯ ಮೇಲೆ ಕೂತ ಮಗುವೊಂದು ಕತ್ತರಿ ಕಂಡೊಡನೆ ಸೂರು ಹಾರುವಂತೆ ಅರಚಿತು. ಕ್ಷೌರಿಕ ಅದರ ಜುಟ್ಟು ಹಿಡಿದು, ರೂಢಿಯಿಂದಲೇ ಹಾಡತೊಡಗಿದ. ಮಗು ಬಾಯಿ ಮುಚ್ಚಿತು. ಇಯರ್‌ಗೆ ಬರುವಷ್ಟರಲ್ಲಿ ಚಪ್ಪಾಳೆ ತಟ್ಟಿತು. ಮೀಸೆಯ ಸಾಲಿಗೆ "ನೋ, ನೋ, ನೋ!" ಎಂದು ಅಂಗಡಿ ತುಂಬ ಕೂಗಿ ನಕ್ಕಿತು. ಅದರ ತಾಯಿ ಮುಂದಿನ ಸಲ ಅಕ್ಕನ ಮಕ್ಕಳನ್ನೂ ಕರೆತಂದಳು. ಆಮೇಲೆ ಮುಂದಿನ ಕುರ್ಚಿ ಖಾಲಿಯಿದ್ದರೂ ಹಿಂದಿನದಕ್ಕೆ ಜನ ಕಾಯುವುದು ರೂಢಿಯಾಯಿತು. ಯಜಮಾನ ಟ್ಯೂಬ್‌ಲೈಟ್ ಬದಲಾಯಿಸಿದ.

ಆದರೂ ಗಾಜಿನ ಬಾಗಿಲಿನ ಬೆಳಕು ಅಲ್ಲಿಯವರೆಗೆ ಬರುತ್ತಿರಲಿಲ್ಲ. ಕ್ಷೌರಿಕ ಆಗಾಗ ಅತ್ತ ನೋಡುತ್ತಿದ್ದ. ಹೋದದ್ದು ಇಷ್ಟು: ಒಂದು ಕುರ್ಚಿ, ಒಂದು ಮೀಸೆ. ಮೀಸೆ ಬೇರೆಯವರದು.