ಹೊಂದಿಸಿಕೊಂಡ ರೈಲು

ಇದು ನಡೆದ ಕತೆ. ನಡೆದದ್ದೇ, ಓಡಿದ್ದಲ್ಲ; ಏಕೆಂದರೆ ಇದರೊಳಗೊಂದು ಪ್ಯಾಸೆಂಜರ್ ರೈಲಿದೆ.

ಪ್ಯಾಸೆಂಜರ್ ರೈಲುಗಳಿಗೇ ಪ್ರತ್ಯೇಕ ಹಳಿ ಬೇಕೆಂದು ಯೋಜನಾ ವಿಭಾಗದ ಎಂಜಿನಿಯರ್ ಪ್ರತಿವರ್ಷ ಹಣಕಾಸು ಸಮಿತಿಯ ಮುಂದೆ ನಿಲ್ಲುತ್ತಿದ್ದರು. ಸಮಿತಿಯ ಅಧ್ಯಕ್ಷರಾದ ಸಾಹೇಬರು ಪ್ರತಿವರ್ಷ ಮೂಗಿನಲ್ಲೇ ಹೇಳುತ್ತಿದ್ದರು: "ದುಡ್ಡು ತರೋದು ಗೂಡ್ಸು ಕಣ್ರೀ. ಇರೋ ಹಳೀಲೇ ಸ್ವಲ್ಪ ಹೊಂದಿಸ್ಕೊಳ್ಳಿ."

ಕೇಳಿ ಕೇಳಿ ಎಂಜಿನಿಯರರ ನಾಲಿಗೆ ಸವೆದಿತ್ತು, ಚಪ್ಪಲಿಯೂ. ತಿಂಗಳ ಕೊನೆಗೆ ನಿವೃತ್ತಿ. ಇದೇ ಕೊನೆಯ ಸಭೆ.

"ಸಾರ್, ಸಾಹೇಬ್ರನ್ನ ಒಂದ್ಸಲ ನಮ್ಮ ರೈಲಲ್ಲಿ ಕೂರಿಸಿಬಿಡೋಣ," ಎಂದಳು ಪಕ್ಕದ ಮೇಜಿನ ಗಿಳಿ. ಯಾರ ದನಿಯನ್ನಾದರೂ ಹಾಗೇ ಅನುಕರಿಸುತ್ತಿದ್ದ ಆಕೆಗೆ ಕಚೇರಿಯಿಟ್ಟ ಹೆಸರದು.

"ಬೇಡಮ್ಮ, ಕೆಲಸ ಹೋದೀತು."

"ನಿಮ್ದು ಹೇಗೂ ಹೋಗ್ತಿದೆಯಲ್ಲ ಸಾರ್!"

ಸಭೆಯ ದಿನ ಬೆಳಿಗ್ಗೆ ಗಿಳಿ ಸಾಹೇಬರ ಮೂಗುದನಿಯಲ್ಲಿ ಕಾರಿನ ಚಾಲಕನಿಗೆ ಫೋನಿನಲ್ಲೇ ರಜೆ ಕೊಟ್ಟಳು. ಆಮೇಲೆ ಚಾಲಕನ ಕೆಮ್ಮು ಸಮೇತ ಸಾಹೇಬರಿಗೆ ಗೋಗರೆದಳು: "ಗಾಡಿ ಸ್ಟಾರ್ಟೇ ಆಗ್ತಿಲ್ಲ ಸ್ವಾಮಿ."

ಬೇರೆ ದಾರಿಯಿಲ್ಲದೆ ಸಾಹೇಬರು ಸಭೆಗೆ ಹೋಗಲು ಪ್ಯಾಸೆಂಜರ್ ರೈಲು ಹತ್ತಿದರು; ನಿಲ್ದಾಣದಲ್ಲಿ ಅಕಸ್ಮಾತ್ ಸಿಕ್ಕವರಂತೆ ಎಂಜಿನಿಯರೂ ಜೊತೆಗೇ ಹತ್ತಿದರು. ಸ್ವಲ್ಪ ದೂರ ಹೋದ ರೈಲು ಪಕ್ಕದ ಹಳಿಗೆ ಸರಿದು ನಿಂತಿತು. ಕಲ್ಲಿದ್ದಲ ಗೂಡ್ಸು ಹೋಯಿತು. ಸಿಮೆಂಟಿನದು ಹೋಯಿತು. ಖಾಲಿ ಡಬ್ಬಿಗಳದೂ ಗಂಭೀರವಾಗಿ ಹೋಯಿತು. ಫ್ಯಾನು ತಿರುಗುತ್ತಿರಲಿಲ್ಲ. ಎದುರಿನ ನರ್ಸ್ ಕಿಟಕಿಗೆ ತಲೆ ಆನಿಸಿ, "ಇವತ್ತೂ ಅರ್ಧ ದಿನದ ಸಂಬಳ ಕಟ್," ಎಂದು ತನಗೇ ಹೇಳಿಕೊಂಡಳು.

ಸಾಹೇಬರು ಬೆವರೊರೆಸಿಕೊಂಡರು. "ದಿನಾ ಹೀಗೇನಾ?"

"ಹೊಂದಿಸ್ಕೊಂಡಿದೀವಿ ಸಾರ್."

ನರ್ಸ್ ಕಡೆಗೊಮ್ಮೆ ನೋಡಿ ಸಾಹೇಬರೆಂದರು: "ಸೋತೆ ಕಣ್ರೀ. ಪೂರ್ತಿಗೆ ದುಡ್ಡಿಲ್ಲ. ಈ ತುಂಡಿಗಾದ್ರೂ ಬೇರೆ ಹಳಿ ಹಾಕಿಸೋಣ. ಇವತ್ತೇ ಸಹಿ ಹಾಕ್ತೀನಿ."

ಎಂಜಿನಿಯರ್ ಖುಷಿಗೆ ಸೀಟಿನಿಂದ ಎದ್ದೇಬಿಟ್ಟರು. ರೈಲು ಮಾತ್ರ ಕದಲಲಿಲ್ಲ.

ಅವರು ತಲುಪಿದಾಗ ಸಭಾಂಗಣದಲ್ಲಿ ಜವಾನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಬಾಗಿಲಲ್ಲಿ ಗಿಳಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಳು.

"ಕಾದು ಕಾದು ಉಪಾಧ್ಯಕ್ಷರೇ ಸಭೆ ಮುಗಿಸಿದ್ರು ಸಾರ್. ಈ ವರ್ಷದ ಹಣ ಎಲ್ಲಾ ಗೂಡ್ಸ್ ಯಾರ್ಡಿಗೆ."

"ಹಾಳು ಕಾರು ಇವತ್ತೇ ಕೆಡಬೇಕಿತ್ತಾ!" ಸಾಹೇಬರು ಹಲ್ಲು ಕಡಿದರು.

ಗಿಳಿ ನೆಲ ನೋಡಿದಳು. ಎಂಜಿನಿಯರ್ ಒಂದು ಕುರ್ಚಿ ಎಳೆದುಕೊಂಡು ಕುಸಿದು ಕೂತರು. "ಕೆಟ್ಟಿರಲಿಲ್ಲ ಸಾರ್. ನಮಗೆ ಹಳಿ ಯಾಕೆ ಬೇಕು ಅಂತ ನಿಮಗೆ ತೋರಿಸೋಕೆ ನಾವೇ ಕೆಡಿಸಿದ್ವಿ. ಚೆನ್ನಾಗೇ ತೋರಿಸಿದ್ವಿ."

ಸಾಹೇಬರು ಬಾಯಿ ತೆರೆದರು. ಬೈಗುಳದ ಬದಲು ನಗು ಬಂತು. ಗಿಳಿಯೂ ಕಿಸಕ್ಕೆಂದಳು. ಆದರೆ ಎಲ್ಲರಿಗಿಂತ ಜೋರಾಗಿ, ಜವಾನ ಕುರ್ಚಿ ಬಿಟ್ಟು ನೀರು ತರಲು ಓಡುವಷ್ಟು ಜೋರಾಗಿ ನಕ್ಕವರು ಎಂಜಿನಿಯರ್.