ಸದ್ದಾದರೆ ಬೆಳಕು

ಸೊಸೆ ವೈರಿನ ಜಾಡು ಹಿಡಿದು ಹೊರಟಿದ್ದಳು. ಅತ್ತೆಯ ಹೊಲಿಗೆ ಯಂತ್ರದ ಬಳಿ ಶುರುವಾದ ಅದು ಗೋಡೆಯಂಚಿನಲ್ಲೇ ಸಾಗಿ, ಸೊಸೆಯ ಕೋಣೆಯೊಳಗೆ ನುಸುಳಿ, ಅವಳ ಮಂಚಕ್ಕೂ ಮಗುವಿನ ಮಂಚಕ್ಕೂ ನಡುವೆ ಕೊನೆಯಾಗಿತ್ತು. ತುದಿಯಲ್ಲೊಂದು ಸೋಪಿನ ಡಬ್ಬಿ, ಅದರೊಳಗೆ ಗುಂಡಿಯಷ್ಟು ಮೈಕು.

"ನೋಡ್ರೀ! ನಿಮ್ಮಮ್ಮ ನಮ್ಮ ಮಾತು ಕದ್ದು ಕೇಳ್ತಿದ್ರು!"

"ಮೆಲ್ಲಗೆ ಮಾತಾಡೇ," ಎಂದ ಗಂಡ. ನಡುಮನೆಯಲ್ಲಿ ತಾಯಿಯ ದೇಹವಿತ್ತು. ಗಾಡಿ ಇನ್ನೂ ಬಂದಿರಲಿಲ್ಲ.

"ಕರೆದ್ರೆ ತಿರುಗಿ ನೋಡದೆ ಇರೋರು. ಮುಖ ಗಂಟಿಕ್ಕೊಂಡು ಓಡಾಡೋರು. ಈಗ ಗೊತ್ತಾಯ್ತು ಯಾಕೇಂತ."

ಇಂಥದ್ದನ್ನು ಕಲಿಸಿದವನು ಯಾರೆಂದೂ ಅವಳಿಗೆ ಗೊತ್ತಿತ್ತು. ನೆರೆಯವರ ನಡುವೆ ನಿಂತಿದ್ದ ರೇಡಿಯೊ ರಿಪೇರಿಯವನನ್ನು ಒಳಗೆ ಕರೆದಳು.

"ಇದನ್ನ ಮಾಡಿಕೊಟ್ಟಿದ್ದು ನೀವೇ ತಾನೇ?"

"ಅವರೇ ಮಾಡ್ಕೊಂಡಿದ್ದು, ತಾಯಿ."

"ದಿನಾ ನಿಮ್ಮಂಗಡೀಲಿ ಅವ್ರಿಗೇನು ಕೆಲ್ಸ ಇತ್ತು? ಏನೇನು ಕೇಳಿಸ್ಕೊಂಡ್ರಿ ಇಬ್ರೂ?"

ಅವನು ನಡುಮನೆಯತ್ತ ನೋಡಿದ. ಕೊಟ್ಟ ಮಾತನ್ನು ಇನ್ನು ಯಾರಿಗಾಗಿ ಕಾಯಬೇಕು?

*

ಮೊದಲು ಅತ್ತೆ ಅವನ ಅಂಗಡಿಗೆ ಬಂದದ್ದು ಹೊಲಿಗೆ ಯಂತ್ರದ ವೈರು ಹಿಡಿದು. ವೈರು ಎಲ್ಲಿ ತುಂಡಾಗಿದೆಯೆಂದು ಹುಡುಕಲು ಬ್ಯಾಟರಿ, ಬಲ್ಬು, ಎರಡು ಸೂಜಿ ಜೋಡಿಸಿ ತಾನೇ ಒಂದು ಟೆಸ್ಟರ್ ಮಾಡಿದಳು. ಬಲ್ಬು ಹೊತ್ತಿದಾಗ ಕುರ್ಚಿಯಿಂದ ಏಳುವಷ್ಟು ಹಿಗ್ಗಿದಳು. ಆಮೇಲೆ, ಸದ್ದಾದರೆ ಬಲ್ಬು ಹೊತ್ತಬೇಕು, ಅಂಥದ್ದು ಕಲಿಸು ಎಂದಳು. ಬೆರಳು ಸುಟ್ಟುಕೊಂಡು, ಹಾಕಿದ ಬೆಸುಗೆ ಬಿಚ್ಚಿ ಮತ್ತೆ ಹಾಕಿದಳು.

"ಯಾಕಮ್ಮ ಇದೆಲ್ಲ?" ಎಂದು ಬೆನ್ನು ತಿರುಗಿಸಿಕೊಂಡೇ ಕೇಳಿದ. ಉತ್ತರವಿಲ್ಲ. ಎದುರು ಬಂದು ಕೇಳಿದಾಗ ಆಕೆ ಅವನ ತುಟಿಗಳನ್ನೇ ನೋಡಿದಳು.

"ಕಿವಿ ಹೋಗಿದೆ ಅಂತ ಗೊತ್ತಾದ್ರೆ ಸೊಸೆ ಮೊಮ್ಮಗಳನ್ನ ನನ್ನ ಹತ್ರ ಬಿಟ್ಟು ಕೆಲಸಕ್ಕೆ ಹೋಗ್ತಾಳಾ? ಯಾರ ಹತ್ರಾನೂ ಬಾಯಿ ಬಿಡ್ಬೇಡಪ್ಪ."

*

"ಸುಳ್ಳು," ಎಂದಳು ಸೊಸೆ. "ನಾನು ಕೇಳಿದ್ದಕ್ಕೆಲ್ಲ ಸರಿಯಾಗೇ ಉತ್ರ ಕೊಡ್ತಿದ್ರು."

"ನೀವು ಎದುರಿಗಿದ್ದಾಗ. ಈ ಡಬ್ಬೀಲಿ ಮಾತು ಕೇಳಲ್ಲ, ತಾಯಿ. ಮಗು ಅತ್ರೆ ಹೊಲಿಗೆ ಯಂತ್ರದ ಹತ್ರ ಬಲ್ಬು ಹೊತ್ಕೊಳ್ಳುತ್ತೆ, ಅಷ್ಟೆ."

ಅವಳು ನಂಬಲಿಲ್ಲ. ಗಂಡನನ್ನು ಯಂತ್ರದ ಬಳಿ ನಿಲ್ಲಿಸಿ ಬಂದು, ಡಬ್ಬಿಯ ಮುಂದೆ ಅವನ ಹೆಸರು ಪಿಸುಗುಟ್ಟಿದಳು. ಏನೂ ಆಗಲಿಲ್ಲ. ಜೋರಾಗಿ ಚಪ್ಪಾಳೆ ತಟ್ಟಿದಳು.

"ಹೊತ್ತಿತು," ಎಂದ ಗಂಡ.

"ಏನಾದ್ರೂ ಕೇಳಿಸ್ತಾ?"

"ಇಲ್ಲ ಕಣೇ. ಬೆಳಕು ಮಾತ್ರ."

ಅವಳು ನಡುಮನೆಗೆ ಬಂದಳು. ಅಲ್ಲಿ ಎಲ್ಲರೂ ಮಗುವನ್ನೇ ನೋಡುತ್ತಿದ್ದರು. ಮೂರು ವರ್ಷದ ಮಗಳು ಯಾರದೋ ಮಡಿಲಿನಿಂದ ಇಳಿದು ಅಜ್ಜಿಯ ಬಳಿ ಹೋಗಿದ್ದಳು. ಕೂಗಿ ಕರೆಯಲಿಲ್ಲ. ಅಜ್ಜಿಯ ತೋಳನ್ನು ತಟ್ಟಿ, ಆ ಕಣ್ಣುಗಳು ತನ್ನ ಮುಖದತ್ತ ತಿರುಗಲೆಂದು, ಹೇಳಬೇಕಾದ ಮಾತನ್ನು ಬಾಯಲ್ಲೇ ಹಿಡಿದು ಕಾಯುತ್ತ ನಿಂತಿದ್ದಳು.