ಸುಟ್ಟ ಚಿಪಾ ಎಂದು ಮೊದಲು ಕರೆದವರು ಯಾರು?

ಮಕ್ಕಳ ಹೊಟ್ಟೆನೋವಿನಲ್ಲಿ ಎರಡು ಬಗೆ. ಒಂದು ಹೊಟ್ಟೆಯದು, ಇನ್ನೊಂದು ಶಾಲೆಯದು. ಹತ್ತು ವರ್ಷದ ಸುನಿಲ್ದಾಳದ್ದು ಎರಡನೆಯದೇ ಎಂಬ ಗುಮಾನಿ ತಾಯಿ ದೆಯೋಲಿಂದಾಳಿಗೆ ಸೋಮವಾರವೇ ಹುಟ್ಟಿತ್ತು. ಭಾನುವಾರ ಎರಡು ತಟ್ಟೆ ಮರಗೆಣಸು ಖಾಲಿ ಮಾಡಿದ ಹುಡುಗಿಗೆ ಬೆಳಗಾಗೆದ್ದು ಶಾಲೆಯ ಸಮವಸ್ತ್ರದ ಬಿಳಿ ಕೋಟು ಕಂಡ ಕೂಡಲೇ ನೋವು ಬರುವುದೆಂದರೇನು?

"ಎಲ್ಲೇ ನೋವು?"

"ಇಲ್ಲಿ."

"ನಿನ್ನೆ ಅಲ್ಲಿ ಅಂದಿದ್ದೆ!"

"ಜರುಗಿದೆ."

ಗುರುವಾರ ಹುಡುಗಿ ನೋವಿನ ಮಾತನ್ನೇ ಬಿಟ್ಟಳು. "ಅಮ್ಮಾ, ನಾನಿನ್ನು ಶಾಲೆಗೇ ಹೋಗಲ್ಲ. ನಿನ್ ಜೊತೆ ಬುಟ್ಟಿ ಹೊತ್ಕೊಂಡು ಬಸ್ ಹತ್ತಿ ಚಿಪಾ ಮಾರ್ತೀನಿ" ಎಂದಳು.

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು, ವಿಲ್ಯಾರಿಕಾ ರಸ್ತೆಯ ಬಸ್ಸುಗಳನ್ನು ಹತ್ತಿ ಇಳಿದು ಸವೆದ ಜೀವ ದೆಯೋಲಿಂದಾಳದು. ಮರಗೆಣಸಿನ ಹಿಟ್ಟಿಗೆ ಚೀಸ್ ಕಲಸಿ, ಬಳೆಯ ಹಾಗೆ ತಟ್ಟಿ, ಮಣ್ಣಿನ ಒಲೆಯಲ್ಲಿ ಸುಟ್ಟ ಚಿಪಾ ಮಾರಿಯೇ ಮಗಳನ್ನು ಓದಿಸುತ್ತಿದ್ದಳು. ಆ ಬುಟ್ಟಿ ಮಗಳ ತಲೆಗೂ ಏರಬೇಕೇ? ಛೇ!

"ಯಾರು ಏನಂದ್ರು? ಬಾಯಿ ಬಿಡು."

"ಎಲ್ರೂ 'ಸುಟ್ಟ ಚಿಪಾ' ಅಂತಾರೆ. ನಾನು ಬಂದ್ರೆ ಮೂಗು ಮುಚ್ಕೊಂಡು 'ಸೀದ ವಾಸನೆ' ಅಂತಾರೆ." ಹುಡುಗಿ ಕೂದಲನ್ನು ಎಡಗೆನ್ನೆಯ ಮೇಲೆ ಎಳೆದುಕೊಂಡಳು.

ಎರಡು ವರ್ಷದ ಮಗುವಾಗಿದ್ದಾಗ ಒಲೆಗೆ ಮುಖ ತಾಗಿ ಆದ ಕಲೆ ಅದು. ಅಂದಿನಿಂದ ಮನೆಯಲ್ಲಿ ಅವಳ ಮುದ್ದಿನ ಹೆಸರು 'ಸುಟ್ಟ ಚಿಪಾ'. ಆ ಊರಿನಲ್ಲಿ ಅಡ್ಡಹೆಸರಿಲ್ಲದವರು ಯಾರಿದ್ದಾರೆ ಹೇಳಿ! ಯಾರಾದರೂ ಸತ್ತರೆ ರೇಡಿಯೋದಲ್ಲಿ ಪೂರ್ತಿ ಹೆಸರು ಓದುತ್ತಾರೆ, ಯಾರೂ ಅಳುವುದಿಲ್ಲ. ಆಮೇಲೆ ಅಡ್ಡಹೆಸರು ಓದುತ್ತಾರೆ, ಆಗ "ಅಯ್ಯೋ, ಅವನಾ!" ಎಂದು ಊರೆಲ್ಲ ಅಳುತ್ತದೆ. ದೆಯೋಲಿಂದಾಳಿಗೂ 'ಗಂಟಲು' ಎಂಬ ಹೆಸರಿತ್ತು. ಅವಳು ಚಿಪಾ ಎಂದು ಕೂಗಿದರೆ ಮೂರನೇ ಬಸ್ಸಿನ ಡ್ರೈವರೂ ತಿರುಗಿ ನೋಡುತ್ತಿದ್ದ.

ಅವಳ ತಲೆ ಕೊರೆದದ್ದು ಇನ್ನೊಂದು. ಮನೆಯೊಳಗಿನ ಹೆಸರು ಶಾಲೆಗೆ ಹೋದದ್ದು ಹೇಗೆ? ಅದಕ್ಕೇನು ಕಾಲಿದೆಯೇ? ಯಾರೋ ಹೊತ್ತು ಹಾಕಿದ್ದಾರೆ. ಗಂಡನ ತಂಗಿಯೋ? ಅವಳು ತಿಂಗಳಿಂದ ಈ ಕಡೆ ತಲೆ ಹಾಕಿಲ್ಲ, ಅದೂ ಅನುಮಾನದ ವಿಷಯವೇ. ಕೊನೆಗೆ ಗುಮಾನಿ ಪಕ್ಕದ ಮನೆಯ ಒಬ್ದೂಲಿಯಾಳ ಮೇಲೆ ಬಂದು ಕೂತಿತು. ಅವಳು ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು, ಶಾಲೆಗೆ ಚುಚ್ಚುಮದ್ದು ಹಾಕಲು ಹೋಗುವವಳು. ಪ್ರತಿ ಬುಧವಾರ ಇವರ ಒಲೆಯಲ್ಲೇ ರೊಟ್ಟಿ ಸುಡುತ್ತಾಳೆ. ಇನ್ನೇನು ಸಾಕ್ಷಿ ಬೇಕು?

ಆ ಮಧ್ಯಾಹ್ನ ಇಬ್ಬರೂ ಎಂದಿನಂತೆ ಮಾವಿನ ಮರದಡಿ ತೆರೆರೆ ಕುಡಿಯಲು ಕೂತರು. ಎಲೆಪುಡಿ ತುಂಬಿದ ಒಂದೇ ಲೋಟ, ಒಂದೇ ಕೊಳವೆ. ತಣ್ಣೀರು ಹೊಯ್ದು ಒಬ್ಬರು ಹೀರಿದ ಮೇಲೆ ಇನ್ನೊಬ್ಬರಿಗೆ. ದೆಯೋಲಿಂದಾ ತಾನು ಹೀರಿದಳು, ಮತ್ತೆ ನೀರು ಹೊಯ್ದಳು, ಮತ್ತೆ ತಾನೇ ಹೀರಿದಳು. ಕೆನ್ನೆಗೆ ಹೊಡೆದಿದ್ದರೂ ಒಬ್ದೂಲಿಯಾಳಿಗೆ ಅಷ್ಟು ಅವಮಾನವಾಗುತ್ತಿರಲಿಲ್ಲ.

"ಏನೇ, ನನಗೇನು ರೋಗ ಬಂದಿದೆಯಾ?" ಎಂದಳು ಒಬ್ದೂಲಿಯಾ.

"ರೋಗ ಬಂದಿರೋದು ನಿನ್ನ ನಾಲಿಗೆಗೆ. ನಮ್ಮನೆ ಹೆಸರನ್ನ ಶಾಲೆಗೆ ಮುಟ್ಟಿಸಿದೋಳು ನೀನೇ ತಾನೇ?"

ವಿಷಯವೆಲ್ಲ ಕೇಳಿ ಒಬ್ದೂಲಿಯಾ, "ನಾನಲ್ಲ ಕಣೇ" ಎಂದಳು.

"ಕಳ್ಳರೆಲ್ಲ ಹಾಗೇ ಅನ್ನೋದು."

"ಸರಿ, ನಾಳೆ ಶಾಲೆಗೆ ಹೋಗಿ ಕೇಳೋಣ. ನಾನೂ ಬರ್ತೀನಿ. ಆದ್ರೆ ಕೂಗಾಡಬೇಡ ಮಾರಾಯ್ತಿ."

ಗಂಟಲಿಗೆ ಕೂಗಬೇಡ ಎಂದರೆ ಕೇಳುತ್ತದೆಯೇ? ಮರುದಿನ ಶಾಲೆ ಬಿಡುತ್ತಲೇ ಗೇಟಿನಲ್ಲಿ ನಿಂತು ಅವಳು ಕೂಗಿದಳು. "ಏ ಗುಡಾಣ! ಬಾರೋ ಇಲ್ಲಿ! ನನ್ನ ಮಗಳಿಗೆ ಹೆಸರಿಟ್ಟೋನು ನೀನೇ ಅಲ್ವೇನೋ?"

ಮಗಳು ಹೇಳಿದ್ದ ಪ್ರಕಾರ ಅವಳನ್ನು ಹೆಚ್ಚು ಕಾಡುತ್ತಿದ್ದವನು ಆ ದಪ್ಪ ಹುಡುಗನೇ. ಸುತ್ತಲಿನ ಮಕ್ಕಳು ಹೊಟ್ಟೆ ಬಡಿದುಕೊಂಡು "ಗುಡಾಣ, ಗುಡಾಣ!" ಎಂದು ಕುಣಿದರು. ಹುಡುಗನ ಮುಖ ಕೆಂಪಾಯಿತು. ಬಿಳಿ ಕೋಟನ್ನು ಎರಡೂ ಕೈಯಲ್ಲಿ ಹೊಟ್ಟೆಯ ಮೇಲೆ ಎಳೆದುಕೊಂಡ. ಮಗಳು ಕೆನ್ನೆಯ ಮೇಲೆ ಕೂದಲು ಎಳೆದುಕೊಂಡದ್ದೂ ಥೇಟ್ ಹೀಗೇ.

"ನಾನಿಟ್ಟಿದ್ದಲ್ಲ" ಎಂದ ಹುಡುಗ, ಅಳು ನುಂಗುತ್ತಾ. "ನೀವೇ ದಿನಾ ಬಸ್ಸಿನ ಬಾಗಿಲಲ್ಲಿ ನಿಂತು 'ಏ ಸುಟ್ಟ ಚಿಪಾ, ನೆಟ್ಟಗೆ ಶಾಲೆಗೆ ಹೋಗೇ' ಅಂತ ಕೂಗ್ತೀರಲ್ಲ. ಇಡೀ ಬಸ್ಸಿಗೇ ಗೊತ್ತು."

ದೆಯೋಲಿಂದಾ ಒಬ್ದೂಲಿಯಾಳ ಜೊತೆ ಮನೆಯ ದಾರಿ ಹಿಡಿದಳು. ತಪ್ಪು ಒಪ್ಪುವುದು ಅಷ್ಟು ಸುಲಭವೇ?

"ನಾನು ಪ್ರೀತಿಯಿಂದ ಕರೆದದ್ದು. ನನ್ನ 'ಗಂಟಲು' ಅಂತಾರೆ, ನಾನೇನು ಅಳ್ತಾ ಕೂತಿದ್ದೀನಾ?"

"ನಿನ್ನ ಗಂಟಲು ನಿನಗೆ ಅನ್ನ ಹಾಕುತ್ತೆ, ಆ ಹೆಸರು ನಿನಗಿಷ್ಟ. ಅವಳ ಕಲೆ ಅವಳಿಗೇನು ಕೊಟ್ಟಿತು? ಇಷ್ಟಾನಾ ಅಂತ ಒಂದ್ಸಲ ಕೇಳಿದೀಯಾ?" ಒಬ್ದೂಲಿಯಾ ನಕ್ಕಳು. "ನನ್ನ ಬೆನ್ನ ಹಿಂದೆ ಕೊಕ್ಕರೆ ಅಂತೀರಲ್ಲ, ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀರಾ?"

ದೆಯೋಲಿಂದಾ ನೆಲ ನೋಡಿದಳು. ಒಬ್ದೂಲಿಯಾಳ ಕಾಲು ನಿಜಕ್ಕೂ ಉದ್ದ.

"ಮೊದಲ ದಿನ ನಗು ಬಂತು. ಆಮೇಲೆ ಸ್ಕರ್ಟ್ ಹಾಕೋದೇ ಬಿಟ್ಟೆ ಕಣೇ" ಎಂದಳು ಒಬ್ದೂಲಿಯಾ.

ಆ ಸಂಜೆ ತೆರೆರೆಯ ಮೊದಲ ಲೋಟ ಒಬ್ದೂಲಿಯಾಳ ಕೈಗೆ ಹೋಯಿತು. ಸುನಿಲ್ದಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳು ಹೇಳಿದಳು: "ನೋಡು ಪುಟ್ಟಿ, ಆ ಕಲೆ ನಿನ್ನ ತಪ್ಪಲ್ಲ. ಬೇಡದ ಹೆಸರಿಗೆ ತಿರುಗಬೇಡ. ನನ್ನ ಹೆಸರು ಇದು ಅಂತ ಒಂದ್ಸಲ ನೆಟ್ಟಗೆ ನಿಂತು ಹೇಳು. ಬಿಡದಿದ್ರೆ ಟೀಚರ್‌ಗೆ ಹೇಳು, ಅದು ಚಾಡಿ ಅಲ್ಲ. ನಾವೂ ಬಂದು ಮಾತಾಡ್ತೀವಿ. ಆದ್ರೆ ನೀನೂ ಯಾರನ್ನೂ ಹಾಗೆ ಕರೀಬಾರದು."

"ಗುಡಾಣನ್ನೂನಾ?"

"ಅವನನ್ನೂ."

ಹುಡುಗಿಗೆ ಇದು ಅಷ್ಟು ರುಚಿಸಲಿಲ್ಲ. ತಾಯಿಯ ಕಡೆ ತಿರುಗಿ, "ಹೊರಗೆ ಎಲ್ಲೂ ಕರೀಬೇಡ. ಮನೇಲೂ ಬೇಡಮ್ಮ" ಎಂದಳು.

"ಇಲ್ಲ ಕಂದಾ. ತಪ್ಪಾಯ್ತು." ದೆಯೋಲಿಂದಾ ಕಣ್ಣೊರೆಸಿಕೊಂಡಳು. ಆ ಗಂಟಲಿನಿಂದ ಅಷ್ಟು ಮೆಲ್ಲಗೆ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ.

ಸೋಮವಾರ ತಾಯಿ ಮಗಳು ಕೈ ಹಿಡಿದು ಹೊರಟರು. ಗೇಟಿನ ಬಳಿ ಯಾರೋ "ಸುಟ್ಟ ಚಿಪಾ ಬಂತು!" ಎಂದರು. ಸುನಿಲ್ದಾ ತಾಯಿಯ ಕೈ ಬಿಗಿಯಾಗಿ ಹಿಡಿದಳು. ಆಮೇಲೆ ಬಿಟ್ಟಳು. ಕೂದಲನ್ನು ಕಿವಿಯ ಹಿಂದೆ ಸರಿಸಿ, "ನನ್ನ ಹೆಸರು ಸುನಿಲ್ದಾ. ಹಾಗೆ ಕರೆದ್ರೆ ತಿರುಗ್ತೀನಿ" ಎಂದು ಹೇಳಿ ಒಳಗೆ ನಡೆದಳು.

ದಪ್ಪ ಹುಡುಗ ಗೋಡೆಗೊರಗಿ ನಿಂತಿದ್ದ. ದೆಯೋಲಿಂದಾ ಅವನ ಹತ್ತಿರ ಹೋದಳು. ಅವನು ಹುಟ್ಟಿದ ದಿನ ಅವರ ಮನೆಗೆ ಚಿಪಾ ಕೊಟ್ಟವಳೇ ಅವಳು. ಆದರೂ ಅವನ ಹೆಸರು ಅವಳಿಗೆ ತಿಳಿದಿರಲಿಲ್ಲ.

"ಮೊನ್ನೆ ತಪ್ಪು ಮಾಡಿದೆ ಕಣಪ್ಪಾ. ನಿನ್ನ ಹೆಸರೇನು?"

ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಕಣ್ಣು ಕಿರಿದು ಮಾಡಿ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಯಾಕೆ? ಟೀಚರ್‌ಗೆ ಹೇಳೋಕಾ?"

"ಅಲ್ಲಪ್ಪಾ. ಕರೆಯೋಕೆ."

ಅವನು ಕೋಟಿನ ಗುಂಡಿ ಬಿಚ್ಚಿ, ಮತ್ತೆ ಹಾಕಿ, ಕೊನೆಗೆ "ಎರ್ಮಿನಿಯೊ" ಎಂದ.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಮೇಷ್ಟ್ರುಗಳೇ, ನಿಮ್ಮ ಮಗುವನ್ನು ಶಾಲೆಯಲ್ಲಿ ಯಾರೋ ಹಂಗಿಸಿದರೆ ಹುಡುಕಿಕೊಂಡು ಹೋಗಿ, ತಪ್ಪಿಲ್ಲ. ಆದರೆ ಹೊರಡುವ ಮೊದಲು ನಿಮ್ಮ ಬಾಯಿಂದ ಏನು ಬರುತ್ತಿದೆ ಎಂದು ಒಮ್ಮೆ ಕೇಳಿಸಿಕೊಳ್ಳಿ. ನಿಮ್ಮ ಬೀದಿಯಲ್ಲಿ ಕರಿಯ, ಕುಂಟ, ಡುಮ್ಮಿ ಎಂದು ಕರೆಸಿಕೊಳ್ಳುವ ಒಂದು ಮಗು ಇದ್ದೇ ಇರುತ್ತದೆ. ನಾಳೆ ಬೆಳಗ್ಗೆ ಅದರ ಬಳಿ ಹೋಗಿ ಹೆಸರು ಕೇಳಿ. ನಿಮ್ಮನ್ನು ಅನುಮಾನದಿಂದ ನೋಡಬಹುದು, ನೋಡಲಿ ಬಿಡಿ. ಹೆಸರು ಹೇಳುವ ತನಕ ಅಲ್ಲೇ ನಿಂತಿರಿ.